ಬೇಡ ಅನ್ನುತ್ತಿದ್ದ ಅಂಗಡಿ

ಕಳೆದ ಡಿಸೆಂಬರ್‌ನ ಒಂದು ಭಾನುವಾರ ನಮ್ಮ ಮನೆಯಲ್ಲಿ ತೊಗರಿಬೇಳೆ ಬೇಯಲಿಲ್ಲ. ಕುಕ್ಕರ್ ನಾಲ್ಕು ಸಲ ಕೂಗಿತು. ಮುಚ್ಚಳ ತೆಗೆದರೆ ನೀರು ಮೇಲೆ, ಬೇಳೆ ಕೆಳಗೆ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದೆ. ಚೂರಾಯಿತೇ ಹೊರತು ಕರಗಲಿಲ್ಲ. ಮತ್ತೆ ಇಟ್ಟೆ, ಮತ್ತೆ ಮೂರು ಕೂಗು. ಕಡಗೋಲು ಹಾಕಿ ಕಡೆದೆ. ಕೊನೆಗೆ ಸಾರು ಅಂತ ಆಗಿದ್ದು ಹಳದಿ ನೀರು, ಅದರ ತಳದಲ್ಲಿ ಮರಳಿನ ಹಾಗೆ ಬೇಳೆ ಚೂರು. ಊಟಕ್ಕೆ ನೆಂಟರಿದ್ದರು. ಯಾರೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಇಡೀ ದಿನ ಕಸಿವಿಸಿ.

ಆ ಬೇಳೆ ಮೊಬೈಲ್‌ನಲ್ಲಿ ಆರ್ಡರ್ ಮಾಡಿ ತರಿಸಿದ್ದು. ಪ್ಯಾಕೆಟ್ ತಿರುಗಿಸಿ ನೋಡಿದೆ. ಪ್ಯಾಕ್ ಮಾಡಿದ ತಿಂಗಳು ನವೆಂಬರ್. ಅಂದರೆ ಹೋದ ತಿಂಗಳದ್ದೇ. ಅಮ್ಮ ಅದರಲ್ಲಿ ಉಳಿದ ನಾಲ್ಕು ಕಾಳು ತೆಗೆದು ಹಲ್ಲಲ್ಲಿ ಕಡಿದು ನೋಡಿದಳು. "ತುಂಬಿದ್ದು ನವೆಂಬರ್‌ನಲ್ಲಿ ಇರಬಹುದು. ಬೆಳೆದಿದ್ದು ಯಾವಾಗ ಅಂತ ಬರ್ದಿದಾರಾ?" ಅಂದಳು. ಬರೆದಿರಲಿಲ್ಲ. ಆಮೇಲೆ ಪಾತ್ರೆ ತೊಳೆಯುತ್ತಾ, ತನಗೆ ತಾನೇ ಹೇಳಿಕೊಂಡ ಹಾಗೆ, ಇನ್ನೊಂದು ಮಾತು ಅಂದಳು. "ಸಾವ್ಕಾರ್ರು ಇದ್ದಿದ್ರೆ ಇದು ಬೇಡಮ್ಮ ಅಂತಿದ್ರು."

ಸಾವ್ಕಾರ್ರು ಅಂದರೆ ನಮ್ಮ ಹಳೇ ಕಿರಾಣಿ ಅಂಗಡಿಯವರು. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಒಂದು ಅಂಗಡಿ ನನಗೆ 'ಬೇಡ' ಅಂದು ಎಷ್ಟು ವರ್ಷ ಆಯಿತು? ಮೊಬೈಲ್‌ನಲ್ಲಿ ಏನು ಒತ್ತಿದರೂ ಬುಟ್ಟಿಗೆ ಬೀಳುತ್ತದೆ. ಅದರ ಜೊತೆಗೆ ಇದೂ ತಗೊಳ್ಳಿ, ಇನ್ನೊಂದಿಷ್ಟು ತಗೊಂಡರೆ ಡೆಲಿವರಿ ಫ್ರೀ ಅನ್ನುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಗಾಡಿ ತಳ್ಳಿಕೊಂಡು ಹೋದರೆ ತಡೆಯುವವರೇ ಇಲ್ಲ. ಬೇಕಾದ್ದು, ಬೇಡದ್ದು, ಎಲ್ಲಾ ತುಂಬಿಕೊಂಡು ಬರಬಹುದು. ಹಳೇ ಕಿರಾಣಿ ಅಂಗಡಿ ನೆನಪಾದಾಗ ನಾವೆಲ್ಲ ಅದರ ವಾಸನೆ, ಡಬ್ಬಿ, ಪೆಪ್ಪರಮೆಂಟು ಅಂತ ಮಾತಾಡುತ್ತೇವೆ. ನನಗೆ ಈಗ ನೆನಪಾಗುತ್ತಿರುವುದು ಆ ಒಂದು ಮಾತು.

ಚೀಟಿ

ನಮ್ಮ ಅಂಗಡಿ ಚೌಕಿಪೇಟೆ ಕಡೆಯ ಒಂದು ಗಲ್ಲಿಯಲ್ಲಿತ್ತು, ಈಗಲೂ ಇದೆ. ನಾವಿದ್ದದ್ದು ಹಳೇ ದಾವಣಗೆರೆಯಲ್ಲಿ, ನಡೆದುಕೊಂಡು ಹೋಗುವಷ್ಟು ದೂರ. ಅಂಗಡಿ ಹೆಸರು, ಮಾಲೀಕರ ಹೆಸರು ಬರೆಯುವುದಿಲ್ಲ. ನಾವು ಯಾವತ್ತೂ ಅವರನ್ನು ಹೆಸರು ಹಿಡಿದು ಕರೆದವರೇ ಅಲ್ಲ, ಸಾವ್ಕಾರ್ರು ಅಂದರೆ ಅವರೇ. ಹೊರಗೆ ಬಾಯಿ ಮಡಚಿಟ್ಟ ಗೋಣಿಚೀಲಗಳ ಸಾಲು. ಒಳಗೆ ಗಾದಿ, ಗಲ್ಲಾಪೆಟ್ಟಿಗೆ, ಮೇಲಿಂದ ಇಳಿಬಿಟ್ಟ ದಾರದ ಉಂಡೆ. ಹಿಂದಿನ ಕೋಣೆಯಲ್ಲಿ ಇಬ್ಬರು ಹೆಂಗಸರು ಮೊರ ಹಿಡಿದು ಬೇಳೆ ಕೇರುತ್ತಾ ಕೂತಿರುತ್ತಿದ್ದರು. ಅವರ ಮೊರದ ಸದ್ದು ಅಂಗಡಿಯಲ್ಲಿ ಯಾವಾಗಲೂ ಇರುತ್ತಿತ್ತು. ಮಾತು ನಿಂತಾಗ ಮಾತ್ರ ಕೇಳಿಸುತ್ತಿತ್ತು.

ತಿಂಗಳ ಮೊದಲ ವಾರ ಚೀಟಿ ಹಿಡಿದು ಹೋಗುವ ಕೆಲಸ ನನ್ನದು. ಅಮ್ಮ ನನ್ನ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಡುತ್ತಿದ್ದಳು. ಒಂದು ಸಲ, ನಾನು ಐದನೇ ಕ್ಲಾಸೋ ಆರನೇ ಕ್ಲಾಸೋ ಇರಬೇಕು, ಸಂಕ್ರಾಂತಿಗೆ ಮುಂಚಿನ ಮಾತು. ಸಾವ್ಕಾರ್ರು ಚೀಟಿ ತಗೊಂಡು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತಾ ಬಂದರು. ಅಕ್ಕಿ, ತೊಗರಿಬೇಳೆ, ಶೇಂಗಾ, ಪುಟಾಣಿ, ಬೆಲ್ಲ. 'ಒಣಮೆಣಸಿನಕಾಯಿ 2 ಕೆಜಿ' ಅನ್ನುವ ಕಡೆ ಪೆನ್ಸಿಲ್ ನಿಂತಿತು. ಎದ್ದು ಹೋಗಿ ಚೀಲದಿಂದ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ತಂದು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು. "ಏನಾದ್ರೂ ಕೇಳ್ತೈತಾ?" ಇಲ್ಲ ಅಂದೆ. ಒಂದು ಕಾಯಿ ಬಗ್ಗಿಸಿದರು. ಮುರಿಯಲಿಲ್ಲ, ಚರ್ಮದ ಹಾಗೆ ಬಾಗಿತು. "ಒಣಗಿದ ಕಾಯಿ ಗಲಗಲ ಅನ್ಬೇಕು, ಬಗ್ಗಿಸಿದ್ರೆ ಚಟ್ ಅನ್ಬೇಕು. ಇದು ಹೋದ ವರ್ಷದ್ದು, ಮಳೆಗಾಲದ ತೇವ ಕುಡಿದೈತೆ. ಖಾರದಪುಡಿ ಮಾಡಿದ್ರೆ ಬಣ್ಣ ನಿಲ್ಲಲ್ಲ." ಹಾಗಂದು 2 ಕೆಜಿ ಹೊಡೆದುಹಾಕಿ ಪಕ್ಕದಲ್ಲಿ ಕಾಲು ಅಂತ ಬರೆದರು. ಚೀಟಿ ತಿರುಗಿಸಿ ಹಿಂದೆ ಎರಡು ಸಾಲು ಗೀಚಿದರು. 'ಹೊಸಾ ಮಾಲು ಶಿವರಾತ್ರಿ ಹೊತ್ತಿಗೆ. ಸದ್ಯ ಒಗ್ಗರಣೆಗೆ ಇಷ್ಟು ಸಾಕು.'

ನಾನು ಆ ಚೀಟಿ ವಾಪಸ್ ತಂದೆ. ಅಮ್ಮ ಓದಿದಳು, ಏನೂ ಅನ್ನಲಿಲ್ಲ, ಒಲೆ ಮೇಲಿನ ಗೂಡಿನಲ್ಲಿ ಸಿಕ್ಕಿಸಿಟ್ಟಳು. ಮುಂದಿನ ತಿಂಗಳ ಚೀಟಿಯ ಕೊನೆಯಲ್ಲಿ ತಾನೂ ಒಂದು ಸಾಲು ಬರೆದಳು. 'ಹುಣಸೆಹಣ್ಣು ಹೋದ ಸಲದ್ದು ಬೀಜ ಜಾಸ್ತಿ.' ಆ ಸಲ ಬೀಜ ತೆಗೆದ ಹುಣಸೆಹಣ್ಣು ಬಂತು. ನನಗೆ ಗೊತ್ತಿದ್ದ ಹಾಗೆ ಅವರಿಬ್ಬರೂ ಎದುರುಬದುರು ನಿಂತು ಹತ್ತು ಮಾತು ಆಡಿದವರಲ್ಲ. ಅಮ್ಮ ಅಂಗಡಿಗೆ ಹೋಗುತ್ತಿದ್ದದ್ದೇ ಅಪರೂಪ. ಮಾತೆಲ್ಲಾ ಚೀಟಿಯಲ್ಲೇ. ಮೆಣಸಿನಕಾಯಿ, ಹುಣಸೆಹಣ್ಣು, ರವೆಯಲ್ಲಿ ಹುಳ, ಬೆಲ್ಲದಲ್ಲಿ ಉಪ್ಪಿನಂಶ. ಸುಮಾರು ಇಪ್ಪತ್ತೈದು ವರ್ಷ ಹೀಗೇ ನಡೆಯಿತು.

ಬೆಲ್ಲದ ವಿಷಯದಲ್ಲಂತೂ ಅವರು ಬಹಳ ಖಡಕ್. ಹಳದಿಯಾಗಿ ಮಿರಮಿರ ಮಿಂಚುವ ಅಚ್ಚು ಕೇಳಿದರೆ, "ಅದು ನೋಡೋಕೆ ಚೆಂದ, ಮನೆಗೆ ಬೇಡ" ಅನ್ನುತ್ತಿದ್ದರು. ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ, ಬಣ್ಣ ತೆಗೆಯುವ ರಾಸಾಯನಿಕ ಹಾಕಿದರೆ ಬೆಲ್ಲದ ಬಣ್ಣ ಹಾಗೆ ತಿಳಿಯಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬಾಣಂತಿ ಇರುವ ಮನೆ ಅಂತ ಗೊತ್ತಿದ್ದರೆ ಕೇಳುವ ಮುಂಚೆಯೇ ಕಪ್ಪು ಬೆಲ್ಲ ಕಟ್ಟುತ್ತಿದ್ದರು. ಅಕ್ಕಿಯಲ್ಲೂ ಅಷ್ಟೇ. ಭದ್ರಾ ನಾಲೆಯ ಕೆಳಗೆ ಇಷ್ಟು ಭತ್ತ ಬೆಳೆಯುವ ಊರು ನಮ್ಮದು, ಅಕ್ಕಿಗೇನೂ ಬರವಿಲ್ಲ. ಆದರೆ ಮದುವೆ ಮನೆಗೆ ಹೊಸ ಅಕ್ಕಿ ಕೇಳಿದವರಿಗೆ ಕೊಡುತ್ತಿರಲಿಲ್ಲ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಒದಗುವುದಿಲ್ಲ. ಅದೇ ಅಕ್ಕಿ ಒಂದು ವರ್ಷ ಕೂತರೆ ಅನ್ನ ಬಿಡಿಬಿಡಿಯಾಗುತ್ತದೆ, ಜಾಸ್ತಿಯೂ ಆಗುತ್ತದೆ. ಅಂದರೆ ಅಕ್ಕಿ ಹಳೇದಾಗಬೇಕು, ಬೇಳೆ ಹೊಸದಿರಬೇಕು, ಮೆಣಸಿನಕಾಯಿ ಆ ವರ್ಷದ್ದೇ ಆಗಬೇಕು. ಒಂದೊಂದು ಪದಾರ್ಥಕ್ಕೂ ಒಂದೊಂದು ವಯಸ್ಸು. ಇದು ಅವರ ತಲೆಯಲ್ಲಿ ಪಂಚಾಂಗದ ಹಾಗೆ ಕೂತಿತ್ತು.

ಪ್ಯಾಕೆಟ್ ಮೇಲೆ ತೂಕ, ಬೆಲೆ, ಪ್ಯಾಕ್ ಮಾಡಿದ ತಿಂಗಳು, ಯಾರು ತುಂಬಿದರು ಅನ್ನುವುದು ಇರಲೇಬೇಕು ಅಂತ ಕಾನೂನಿದೆ. ಒಳ್ಳೆಯ ಕಾನೂನೇ. ಆದರೆ ಆ ತಿಂಗಳು ನನ್ನ ಬೇಳೆಯ ವಯಸ್ಸು ಹೇಳಲಿಲ್ಲ. ಕಲಬುರಗಿ ಕಡೆಯ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಕೊನೆಯಿಂದ. ಹಾಗಾಗಿ ನವೆಂಬರ್‌ನಲ್ಲಿ ತುಂಬಿದ ಬೇಳೆ ಅಂದರೆ ಕಡಿಮೆ ಅಂದರೂ ಹಿಂದಿನ ಸುಗ್ಗಿಯದ್ದು. ಬಿಸಿ, ತೇವ ಇರುವ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಕಾಳಿನ ಒಳಗೇ ಬದಲಾವಣೆ ಆಗುತ್ತದೆ. ಆಮೇಲೆ ಅದು ನೀರು ಕುಡಿದರೂ ಸರಿಯಾಗಿ ಮೆತ್ತಗಾಗುವುದಿಲ್ಲ. ಬೋರ್ ನೀರಾದರೆ ಮುಗಿದೇಹೋಯಿತು, ಅದರಲ್ಲಿರುವ ಸುಣ್ಣದ ಅಂಶ ಇನ್ನಷ್ಟು ಗಟ್ಟಿ ಮಾಡುತ್ತದೆ. ಸಾವ್ಕಾರ್ರು ಬೇಳೆ ಕೊಡುವಾಗ ಕೇಳುತ್ತಿದ್ದ ಪ್ರಶ್ನೆ ನನಗೆ ಈಗ ಅರ್ಥವಾಗುತ್ತಿದೆ. "ಈಗ ನಿಮಗೆ ನಲ್ಲಿ ನೀರೋ, ಬೋರಿನ ನೀರೋ?"

ಪೊಟ್ಟಣ

ಒಂದು ಪೊಟ್ಟಣ ಕಟ್ಟುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಹಳೇ ಪೇಪರಿನ ಹಾಳೆ ತಕ್ಕಡಿಯ ತಟ್ಟೆ ಮೇಲೆ. ಇನ್ನೊಂದು ತಟ್ಟೆಯಲ್ಲಿ ತೂಕದ ಕಲ್ಲು, ಅದರ ಅಡಿಯಲ್ಲಿ ಇಲಾಖೆಯವರು ಮೊಹರು ಒತ್ತಿದ ಸೀಸದ ಬಿಲ್ಲೆ. ಡಬ್ಬಿಯಿಂದ ಜೀರಿಗೆ ಸುರಿದಾಗ ಮುಳ್ಳು ನಿಧಾನಕ್ಕೆ ನೆಟ್ಟಗಾಗುತ್ತದೆ. ನೆಟ್ಟಗಾದ ಮೇಲೆ ಮೂರು ಬೆರಳಲ್ಲಿ ಇನ್ನೊಂದು ಚಿಟಿಕೆ. ಆಗ ತಟ್ಟೆ ಒಂದು ಕೂದಲೆಳೆಯಷ್ಟು ನಮ್ಮ ಕಡೆ ಬಾಗುತ್ತದೆ. ಅದು ಕೊಸರು. ಆಮೇಲೆ ಹಾಳೆಯ ಎರಡು ಅಂಚು ಸೇರಿಸಿ ಮಡಿಕೆ, ಮೂಲೆಗಳು ಒಳಗೆ. ಮೇಲಿನ ಉಂಡೆಯಿಂದ ದಾರ ಸರ್ರನೆ ಇಳಿಯುತ್ತದೆ. ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು, ತೋರುಬೆರಳಿಗೆ ಸಿಕ್ಕಿಸಿ ಒಂದು ಜಗ್ಗು. ಟಪ್. ಕತ್ತರಿಯೇ ಇರುತ್ತಿರಲಿಲ್ಲ. ಅವರ ತೋರುಬೆರಳಿನ ಪಕ್ಕದಲ್ಲಿ ದಾರ ಕೊರೆದೂ ಕೊರೆದೂ ಒಂದು ಸಣ್ಣ ಗುಳಿ ಬಿದ್ದಿತ್ತು. (ತಿನ್ನುವ ಪದಾರ್ಥ ಪೇಪರಿನಲ್ಲಿ ಕಟ್ಟಬಾರದು ಅಂತ ಈಗ ನಿಯಮ ಇದೆ. ಶಾಯಿ ಒಳ್ಳೆಯದಲ್ಲ, ಅದು ಸರಿ. ನಾನು ಹೇಳುತ್ತಿರುವುದು ಆ ಕೈಯ ಬಗ್ಗೆ.)

ಮಿಲ್ಲು ನಿಂತ ವರ್ಷ

ಅಪ್ಪ ಹತ್ತಿಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಕೊನೆಯ ದಿನಗಳು. ಮಿಲ್ಲುಗಳು ಒಂದೊಂದಾಗಿ ಹೇಗೆ ನಿಂತವು ಅನ್ನುವುದು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಅಪ್ಪನ ಮಿಲ್ಲೂ ನಿಂತಿತು. ಸಂಬಳ ಬರುವುದು ನಿಂತ ಎರಡನೇ ತಿಂಗಳಿಗೆ ನಮ್ಮ ಮನೆಯಿಂದ ಅಂಗಡಿಗೆ ಚೀಟಿ ಹೋಗುವುದೂ ನಿಂತಿತು. ಅಮ್ಮ ಪಕ್ಕದ ಓಣಿಯ ಚಿಕ್ಕ ಅಂಗಡಿಯಿಂದ ದಿನಕ್ಕೆ ಬೇಕಾದಷ್ಟನ್ನೇ ಕಾಸು ಕೊಟ್ಟು ತರಿಸುತ್ತಿದ್ದಳು. ಕಾಲು ಕೆಜಿ ಬೇಳೆ, ನೂರು ಗ್ರಾಂ ಎಣ್ಣೆ.

ಒಂದು ಸಂಜೆ ಅಂಗಡಿಯ ಕೆಲಸದ ಹುಡುಗ ಸೈಕಲ್ ಮೇಲೆ ಬಂದ. "ಚೀಟಿ ಯಾಕೆ ಬಂದಿಲ್ಲ ಅಂತ ಸಾವ್ಕಾರ್ರು ಕೇಳಿದ್ರು." ಅಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಒಳಗೆ ಹೋಗಿ ಬರೆದಳು. ಹಿಂದಿನ ತಿಂಗಳುಗಳಲ್ಲಿ ಬರೆಯುತ್ತಿದ್ದ ಹಾಗೇ ಬರೆದಳು, ಒಂದು ಸಾಲೂ ಕಮ್ಮಿ ಮಾಡದೆ. ಸೋಪು, ಪುಟಾಣಿ, ಕೊಬ್ಬರಿ, ಗೋಡಂಬಿ 50 ಗ್ರಾಂ, ಎಲ್ಲಾ. ಈಗ ಅನ್ನಿಸುತ್ತದೆ, ಅದು ಅವಳ ಮರ್ಯಾದೆಯ ಪ್ರಶ್ನೆ ಆಗಿತ್ತು.

ಸಾಮಾನು ಬಂತು. ಚೀಟಿಯೂ ವಾಪಸ್ ಬಂತು. ಗೋಡಂಬಿ ಹೊಡೆದುಹಾಕಿತ್ತು. ಕೊಬ್ಬರಿ ಅರ್ಧ. ಎಣ್ಣೆ 3 ಕೆಜಿ ಇದ್ದದ್ದು 2 ಆಗಿತ್ತು. ಅಕ್ಕಿ, ಬೇಳೆ, ಜೋಳ ಮಾತ್ರ ಬರೆದಷ್ಟೇ ಬಂದಿತ್ತು. ಹಿಂದೆ ಒಂದೇ ಸಾಲು. 'ಉದ್ರಿ ಬೆಳೆಯೋದು ಬೇಡ.'

ಅಮ್ಮನಿಗೆ ಅವತ್ತು ಬಹಳ ನೋವಾಯಿತು. ಅಡುಗೆಮನೆ ಗೋಡೆಗೆ ಒರಗಿ ಕೂತು, "ನಾನೇನು ಭಿಕ್ಷೆ ಕೇಳಿದ್ನಾ? ಕೊಡೋದಾದ್ರೆ ಪೂರ್ತಿ ಕೊಡಬೇಕು" ಅಂದಳು. ಅಪ್ಪ ಚೀಟಿ ತಗೊಂಡು ನೋಡಿದರು. ತುಂಬಾ ಹೊತ್ತು ನೋಡಿದರು. "ಕೊಡೋಕೆ ಮನಸ್ಸಿಲ್ದಿದ್ರೆ ಹುಡುಗನ್ನ ಕಳಿಸ್ತಿರಲಿಲ್ಲ ಕಣೇ. ತೀರಿಸೋಕೆ ಆಗಲಿ ಅಂತ ಕಮ್ಮಿ ಮಾಡಿದಾರೆ" ಅಂದರು. ಹದಿನಾಲ್ಕು ತಿಂಗಳು ಹಾಗೆ ನಡೆಯಿತು. ಅಪ್ಪನಿಗೆ ಬೇರೆ ಕಡೆ ಲೆಕ್ಕ ಬರೆಯುವ ಕೆಲಸ ಸಿಕ್ಕ ಮೇಲೆ ಉದ್ರಿ ತೀರಿಸಲು ಎರಡು ದೀಪಾವಳಿ ಹಿಡಿಯಿತು. ಆ ಎರಡನೇ ದೀಪಾವಳಿಯ ಲಕ್ಷ್ಮೀಪೂಜೆಗೆ ನಾವೆಲ್ಲಾ ಅಂಗಡಿಗೆ ಹೋಗಿದ್ದೆವು. ಹೊಸ ಕಿರ್ದಿ ಪುಸ್ತಕಕ್ಕೆ ಅರಿಶಿಣ ಕುಂಕುಮ ಹಚ್ಚಿದ್ದರು. ಸಾವ್ಕಾರ್ರು ನಮ್ಮ ಕೈಗೆ ಬೆಂಡು ಬತ್ತಾಸು, ಎಲೆ ಅಡಿಕೆ ಕೊಟ್ಟರು. ಹಳೇ ಲೆಕ್ಕದ ಸುದ್ದಿಯನ್ನು ಯಾರೂ ತೆಗೆಯಲಿಲ್ಲ. ಮುಂದಿನ ತಿಂಗಳ ಚೀಟಿಯಲ್ಲಿ ಅಮ್ಮ ಗೋಡಂಬಿ ಬರೆದಳು. ಗೋಡಂಬಿ ಬಂತು.

ಆ ಅಂಗಡಿಯಲ್ಲಿ ಎಲ್ಲವೂ ಚೆಂದ ಇತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಮನೆಯ ಕಷ್ಟ ಆ ಚೀಟಿಯಲ್ಲಿ ಎದ್ದು ಕಾಣುತ್ತಿತ್ತು. ಅಂಗಡಿಯ ಹುಡುಗನಿಗೂ ಗೊತ್ತಿತ್ತು, ಕೇರುವ ಹೆಂಗಸರಿಗೂ ಗೊತ್ತಿತ್ತು. ದೊಡ್ಡ ಮನೆಯವರ ಆಳು ಬಂದರೆ ನಮ್ಮ ಚೀಟಿ ಕೆಳಗೆ ಹೋಗುತ್ತಿತ್ತು, ಅರ್ಧ ಗಂಟೆ ನಿಂತಿದ್ದು ನೆನಪಿದೆ. ಇವತ್ತು ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬ ಹುಡುಗಿ ತನಗೆ ಬೇಕಾದ್ದನ್ನು ತಾನೇ ಆರಿಸಿ, ಯಾರ ಮುಖವೂ ನೋಡದೆ ದುಡ್ಡು ಕೊಟ್ಟು ಬರುತ್ತಾಳೆ. ಅವಳ ಮನೆಯಲ್ಲಿ ಏನಿದೆ, ಏನಿಲ್ಲ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಅದು ದೊಡ್ಡ ವಿಷಯ. ನಾನು ಅದನ್ನು ಕಡೆಗಣಿಸುವುದಿಲ್ಲ. ಆದರೆ ನಮ್ಮನ್ನು ಅಷ್ಟು ಬಲ್ಲವರು ಮಾತ್ರ ನಮಗೆ ಬೇಡ ಅನ್ನಬಲ್ಲರು, ಅಲ್ವಾ? ಹೊಸಬರು ಹಾಗೆ ಅಂದರೆ ನಾವು ಕೇಳುತ್ತೇವಾ? ಆ ನೋವು, ಆ ಕಾಳಜಿ ಎರಡೂ ಒಂದೇ ಚೀಟಿಯಲ್ಲಿ ಬಂದವು. ಒಂದನ್ನು ಬಿಡಿಸಿ ಇನ್ನೊಂದನ್ನು ಇಟ್ಟುಕೊಳ್ಳುವುದು ಹೇಗೆ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

2020ರ ಯುಗಾದಿ

ಅವರನ್ನು ನಾನು ಗಲ್ಲಾ ಮುಂದೆ ಕೊನೆಯದಾಗಿ ನೋಡಿದ್ದು 2020ರ ಮಾರ್ಚ್ 25ರ ಬೆಳಿಗ್ಗೆ. ದೇಶವೆಲ್ಲಾ ಲಾಕ್‌ಡೌನ್ ಆದ ಮೊದಲ ದಿನ. ಅವತ್ತೇ ಯುಗಾದಿ. ಹಿಂದಿನ ರಾತ್ರಿ ಎಂಟು ಗಂಟೆಗೆ ಸುದ್ದಿ ಕೇಳಿದವರೆಲ್ಲಾ ಬೆಳಕು ಹರಿಯುವ ಮುಂಚೆ ಪೇಟೆಗೆ ಓಡಿದ್ದರು. ಬೇವು ಯಾವುದೋ ಮರದಲ್ಲಿ ಸಿಗುತ್ತದೆ, ಬೆಲ್ಲ ಬೇಕಲ್ಲ. ಹೋಳಿಗೆಗೆ ಕಡಲೆಬೇಳೆ ಬೇಕು. ಅದಕ್ಕಿಂತ ಜಾಸ್ತಿಯಾಗಿ, ಇಪ್ಪತ್ತೊಂದು ದಿನಕ್ಕೆ ಏನೇನು ಬೇಕೋ ಅನ್ನುವ ಭಯ.

ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಸಾವ್ಕಾರ್ರಿಗೆ ಆಗಲೇ ಎಂಬತ್ತು ದಾಟಿತ್ತು. ಮಗ ಎಷ್ಟು ಬೇಡ ಅಂದರೂ ಕೇಳದೆ ಬಂದು ಕೂತಿದ್ದರು, ಬಾಯಿಗೆ ಬಿಳಿ ಟವೆಲ್ ಸುತ್ತಿಕೊಂಡು. ನನ್ನ ಮುಂದೆ ಒಬ್ಬರು ಕಾರು ನಿಲ್ಲಿಸಿ ಬಂದಿದ್ದರು. ಬೆಲ್ಲ 10 ಕೆಜಿ, ಸಕ್ಕರೆ 25 ಕೆಜಿ, ಎಣ್ಣೆ 2 ಟಿನ್ ಕೇಳಿದರು. ಕೈಯಲ್ಲಿ ನೋಟಿನ ಕಟ್ಟು. ಸಾವ್ಕಾರ್ರು ನೋಟು ನೋಡಲಿಲ್ಲ. "ಅಷ್ಟೊಂದು ಬೇಡ" ಅಂದರು. ಅವರು ದರ ಎಷ್ಟಾದರೂ ಪರವಾಗಿಲ್ಲ ಅಂದರು. "ದರದ ಮಾತಲ್ಲ. ಒಳಗೆ ಬೆಲ್ಲ ಇರೋದೇ ಎರಡು ಪಿಂಡಿ. ಇನ್ನೂ ಬರೋ ಮನೆಗಳು ಅದಾವೆ." ಹಾಗಂದು ಒಂದು ಕೆಜಿ ತೂಗಿ ಕೊಟ್ಟರು. ನನಗೂ ಒಂದೇ ಕೆಜಿ. ಹಳೇ ಗಿರಾಕಿ ಅಂತ ಕಾಲು ಕೆಜಿ ಕೂಡ ಜಾಸ್ತಿ ಇಲ್ಲ.

ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡಿದ್ದರು. ಅದರಲ್ಲಿ ಪೆನ್ಸಿಲ್‌ನಿಂದ ಬರೆದ ಹೆಸರುಗಳು. ಯಾರ ಮನೆಯವರು ಬಂದು ಹೋದರು, ಯಾರು ಇನ್ನೂ ಬಂದಿಲ್ಲ ಅಂತ ಗುರುತು. ಮಂಡಕ್ಕಿ ಭಟ್ಟಿಗೆ ಹೋಗುವ ಎರಡು ಮನೆ, ಟೈಲರ್ ಒಬ್ಬರು, ಒಂಟಿ ಮುದುಕಿ ಒಬ್ಬರು. ಬಾರದವರ ಪಾಲು ಆಗಲೇ ಕಟ್ಟಿ ಗಾದಿಯ ಹಿಂದೆ ಸಾಲಾಗಿ ಇಟ್ಟಿದ್ದರು. ಪ್ಲಾಸ್ಟಿಕ್ ಕವರ್ ಇತ್ತು, ಆದರೂ ಮೇಲೆ ದಾರ ಸುತ್ತಿದ್ದರು. ಅಡ್ಡ ಒಂದು, ಉದ್ದ ಒಂದು.

ಎರಡು ವರ್ಷದ ಮೇಲೆ ಅವರು ಹೋದರು.

ಮಗನ ಅಂಗಡಿ

ಬೇಳೆ ಬೇಯದ ಆ ವಾರವೇ ನಾನು ಚೌಕಿಪೇಟೆಗೆ ಹೋದೆ. ವಿದ್ಯಾನಗರಕ್ಕೆ ಮನೆ ಬದಲಿಸಿದ ಮೇಲೆ ಹೋಗುವುದೇ ಕಮ್ಮಿಯಾಗಿತ್ತು. ಪಾರ್ಕಿಂಗ್ ಇಲ್ಲ, ಟೈಮ್ ಇಲ್ಲ ಅಂತ ಕಾರಣ ಹೇಳಿಕೊಳ್ಳುತ್ತಿದ್ದೆ. ಅಂಗಡಿ ಬದಲಾಗಿದೆ. ಅರ್ಧ ಭಾಗ ಪ್ಯಾಕೆಟ್, ಎಲೆಕ್ಟ್ರಾನಿಕ್ ತೂಕ, ಗಲ್ಲಾ ಪಕ್ಕ ಕ್ಯೂಆರ್ ಕೋಡ್. ಗೋಣಿಚೀಲಗಳು ಆರೋ ಏಳೋ ಉಳಿದಿವೆ. ಕೇರುವ ಹೆಂಗಸರು ಇಲ್ಲ. ಮಗ ಐವತ್ತರ ಆಸುಪಾಸು. ಕೆಲಸಕ್ಕೆ ಹುಡುಗರು ಸಿಗುವುದಿಲ್ಲ, ಬಿಡಿ ಸಾಮಾನು ಅಂದರೆ ಹೊಸಬರಿಗೆ ನಂಬಿಕೆ ಇಲ್ಲ ಅಂತ ಹೇಳಿಕೊಂಡರು. 2022ರಲ್ಲಿ ಪ್ಯಾಕೆಟ್‌ನ ಅಕ್ಕಿ ಬೇಳೆಗೆ ಶೇ 5 ಜಿಎಸ್‌ಟಿ ಬಂದಾಗ, ತೂಗಿ ಕೊಡುವ ಮಾಲಿಗೆ ಅದಿಲ್ಲ ಅಂತ ನಾಲ್ಕು ಜನ ವಾಪಸ್ ಬಂದರಂತೆ. ಆಮೇಲೆ ಅವರೂ ಚದುರಿದರಂತೆ.

ನಾನು ಪರ್ಸಿನಿಂದ ಆ ಬೇಳೆಯ ಚಿಕ್ಕ ಪೊಟ್ಟಣ ತೆಗೆದೆ. ತೋರಿಸಬೇಕು ಅಂತಲೇ ತಂದಿದ್ದೆ. ಅವರು ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿದರು. ಒಂದು ಕಾಳು ಹಲ್ಲಿಗೆ ಕೊಟ್ಟರು. ಕಟ್ ಅಂತ ಸದ್ದಾಯಿತು. ಥೇಟ್ ಅವರಪ್ಪನ ಹಾಗೇ ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳಿದರು.

"ಈಗ ನಿಮ್ಮ ಕಡೆ ನಲ್ಲಿ ನೀರೋ, ಬೋರೋ?"

ಒಂದು ಕ್ಷಣ ಏನೂ ಹೇಳಲಾಗಲಿಲ್ಲ. ಆಮೇಲೆ, ನಲ್ಲಿ ನೀರು ದಿನಾ ಬರಲ್ಲ, ಬೋರೂ ಬಳಸ್ತೀವಿ ಅಂದೆ. ನಿಮ್ಮದೇ ಬೇಳೆ 2 ಕೆಜಿ ಕೊಡಿ ಅಂದೆ. ಅವರು ಬೇಳೆ ಚೀಲದ ಕಡೆ ನೋಡಿದರು. ಚೀಲದ ತಳದಲ್ಲಿ ಇನ್ನೂ ಒಂದಿಷ್ಟು ಇತ್ತು.

"ಬೇಡ್ರೀ. ಇದೂ ಹೋದ ಸುಗ್ಗೀದೇ. ಸಂಕ್ರಾಂತಿ ಕಳೀಲಿ, ಕಲಬುರಗಿ ಕಡೆ ಹೊಸಾದು ಬರ್ತೈತೆ, ಫೋನ್ ಮಾಡ್ತೀನಿ. ಅಲ್ಲೀವರೆಗೂ ಹೆಸರುಬೇಳೆ ಒಯ್ರಿ."

ಹೆಸರುಬೇಳೆ ಅರ್ಧ ಕೆಜಿ ಕೊಟ್ಟರು. ಅಮ್ಮ ಹೇಗಿದ್ದಾಳೆ ಅಂತ ಕೇಳಿದರು. ನನ್ನ ನಂಬರ್ ಬರೆದುಕೊಳ್ಳಲು ಪೆನ್ಸಿಲ್ ಹುಡುಕಿ, ಗಲ್ಲಾ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಜನವರಿ 20ರ ಚೌಕದೊಳಗೆ ಬರೆದರು. ರಾತ್ರಿ ಅಮ್ಮನಿಗೆ ಹೆಸರುಬೇಳೆ ಸಾರು ಬಡಿಸಿದೆ. ಎರಡು ತುತ್ತು ಉಂಡು, "ಬೇಳೆ ಎಲ್ಲಿ ತಂದೆ?" ಅಂದಳು.